ಹಾರಕದ ಹಾದಿ ಹಿಡಿದು

ಹೋಟೆಲುಗಳು ಬೆಂಗಳೂರಿಗೆ ಕಲಿಸಿದ ಮೊದಲ ಪಾಠ ಆಯ್ಕೆ. 1924ರಲ್ಲಿ ಶುರುವಾದ ಎಂಟಿಆರ್ ಇರಲಿ, 1943ರ ವಿದ್ಯಾರ್ಥಿ ಭವನ ಇರಲಿ, ಪೇಟೆಯ ಓಣಿಗಳ ಮಿಲಿಟರಿ ಹೋಟೆಲುಗಳಿರಲಿ, ಕೂತ ಕೂಡಲೇ ಒಬ್ಬರು ಬಂದು ‘ಏನ್ ಕೊಡ್ಲಿ ಸಾರ್’ ಅನ್ನುತ್ತಾರೆ. ಮನೆಯಲ್ಲಿ ನಮ್ಮನ್ನು ಯಾರೂ ಹಾಗೆ ಕೇಳಿದ್ದಿಲ್ಲ. ದುಡ್ಡು ಕೊಟ್ಟು ಉಣ್ಣುವವನಿಗೆ ಬೇಕಾದ್ದನ್ನು ಕೇಳಿ ತರಿಸಿಕೊಳ್ಳುವ ಹಕ್ಕಿದೆ ಅನ್ನುವುದೇ ಹೋಟೆಲಿನ ಮರ್ಯಾದೆ.

ಈಚಿನ ವರ್ಷಗಳಲ್ಲಿ ನಗರದಲ್ಲಿ ಹೆಚ್ಚುತ್ತಿರುವ ಶೆಫ್‌ಗಳ ಊಟದ ಕೂಟಗಳು ಈ ಹಕ್ಕನ್ನೇ ವಾಪಸು ತೆಗೆದುಕೊಂಡಿವೆ. ಮುಂಗಡ ಕಟ್ಟಿ ಹೆಸರು ಬರೆಸಬೇಕು, ಹೇಳಿದ ಹೊತ್ತಿಗೆ ಹೋಗಬೇಕು, ತೋರಿಸಿದ ಕಡೆ ಕೂರಬೇಕು. ಬಾಗಲೂರು ಕಡೆಯ ತೋಟವೊಂದರೊಳಗೆ ಶೆಫ್ ಜಾನ್ಸನ್ ಎಬೆನೇಜರ್ ಸೌದೆ ಒಲೆಯ ಮೇಲೆ ಅಡುಗೆ ಮಾಡುವ ಫಾರ್ಮ್‌ಲೋರ್‌ನಲ್ಲಿ ಇರುವುದೇ ಹದಿನೆಂಟು ಆಸನ. ಹಲಸೂರಿನ ಬಳಿಯ ಬೆಂಗಳೂರು ಊಟ ಕಂಪನಿಯಲ್ಲಿ ದಿವ್ಯಾ ಪ್ರಭಾಕರ್ ಮತ್ತು ವಿಶಾಲ್ ಶೆಟ್ಟಿ ತಮ್ಮ ತಮ್ಮ ಮನೆಗಳ ಗೌಡರ ಅಡುಗೆ, ಮಂಗಳೂರು ಅಡುಗೆಯನ್ನು ಮುಂಚೆ ಹೇಳಿಟ್ಟವರಿಗಾಗಿ ಮಾಡುತ್ತಾ ಬಂದವರು. ಇಂಥ ಕಡೆ ಅಡುಗೆಯವರೇ ಮುಂದೆ ಬಂದು ನಿಂತು, ಇದು ಇಂಥದ್ದು, ಹೀಗೆ ಮಾಡಿದ್ದೇವೆ ಅನ್ನುತ್ತಾರೆ. ಎಲ್ಲರಿಗೂ ಒಂದೇ ಊಟ, ಒಂದೇ ಸಲಕ್ಕೆ.

ನಮ್ಮೂರ ಹರಿಸೇವೆಯಲ್ಲೂ ನಡೆಯುವುದು ಇದೇ. ಸಾಲಾಗಿ ಕೂರುತ್ತೇವೆ, ಎಲೆ ಬೀಳುತ್ತದೆ, ಬಡಿಸಿದ್ದನ್ನು ಉಣ್ಣುತ್ತೇವೆ. ಏನು ಬೇಕು ಅಂತ ಯಾರೂ ಕೇಳುವುದಿಲ್ಲ, ಎಷ್ಟು ಬೇಕು ಅಂತ ಮಾತ್ರ ಕೇಳುತ್ತಾರೆ. ಹೋಟೆಲೆಂಬ ನೂರು ವರ್ಷದ ಸುತ್ತು ಮುಗಿಸಿ ಮಹಾನಗರ ಮತ್ತೆ ಅಡುಗೆಯವರನ್ನು ನಂಬಿ ಕೂರುವುದಕ್ಕೆ ಬಂದಿದೆ ಅನ್ನುವುದು ನನಗೆ ಖುಷಿ ಕೊಟ್ಟ ಸಂಗತಿ. ನಾನು ಈ ಕೂಟಗಳಿಗೆ ಆಸೆಪಟ್ಟು ಹೋಗುವವನು. ಉಣ್ಣುವ ಪದಾರ್ಥದ ಮೇಲೆ ಎರಡೂವರೆ ತಾಸು ಗಮನವಿಟ್ಟು ಕೂರುವ ಜನ ಸಿಗುವುದು ಸಣ್ಣ ಮಾತಲ್ಲ.

ಅಂಥದೊಂದು ಕೂಟದಲ್ಲಿ ನಡುಗಾಲಕ್ಕೆ ಬಂದದ್ದು ಹಾರಕ. ಅಗಲ ತಟ್ಟೆಯ ನಡುವೆ ಅಂಗೈಯಷ್ಟು ಜಾಗದಲ್ಲಿ ಬೆಣ್ಣೆ, ಅಣಬೆ ಹಾಕಿ ಮೆತ್ತಗೆ ಬೇಯಿಸಿದ ಹಾರಕ, ಮೇಲೆ ಹುರಿದ ಹುಚ್ಚೆಳ್ಳಿನ ಪುಡಿ, ಪಕ್ಕದಲ್ಲಿ ಹುಣಸೆ ಚಿಗುರಿನ ಒಣ ಪುಡಿ. ಅಡುಗೆ ಮಾಡಿದ ಯುವಕ ಹುಬ್ಬಳ್ಳಿಯವನು, ಜೋಳದ ರೊಟ್ಟಿಯ ನಾಡಿನವನು. ‘ಇದು ತುಮಕೂರು ಜಿಲ್ಲೆಯ ಮಧುಗಿರಿ ಸೀಮೆಯ ಕಾಳು, ಮಳೆ ಕೈಕೊಟ್ಟರೂ ಕೈಬಿಡದ ಬೆಳೆ’ ಎಂದು ಅವನು ಹೇಳುವಾಗ ನನ್ನ ಪಕ್ಕದವರು ಚಮಚ ಕೆಳಗಿಟ್ಟು ಕೇಳಿಸಿಕೊಂಡರು. ಮಧುಗಿರಿ ಎಂಬ ಹೆಸರಿಗೆ ಬೆಂಗಳೂರಿನ ಮೇಜೊಂದರ ಸುತ್ತ ಅಷ್ಟು ಹೊತ್ತಿನ ಗೌರವ ಸಿಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಊಟ ಮುಗಿದ ಮೇಲೆ ಹೋಗಿ, ನಾನು ಅಲ್ಲಿಯವನೇ ಅಂದೆ. ಅವನು ಆ ಕಡೆ ಹೋಗಿರಲೇ ಇಲ್ಲ. ಕಾಳು ಅವನಿಗೆ ನಗರದ ಅಂಗಡಿಯಲ್ಲಿ ಸಿಕ್ಕಿತ್ತು. ‘ಕರಕೊಂಡ ಹೋಗ್ರಿ ಸರ್ ಒಮ್ಮೆ’ ಅಂದ. ಕಾರ್ತಿಕ ಮಾಸದಲ್ಲಿ ಹೊರಟೆವು.

ನೆಲಮಂಗಲ ದಾಟಿ ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ಕೊರಟಗೆರೆ ದಾರಿ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಈ ತಾಲೂಕನ್ನು ಹಾಯ್ದು ಉತ್ತರಕ್ಕೆ ಹೋಗುತ್ತದೆ. ನೀರು ಕಾಣುವುದು ಮಳೆ ಹಿಡಿದ ವರ್ಷ ಮಾತ್ರ. ಈ ದಾರಿಯ ಗುರುತು ಹುಣಸೆ ಮರ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಕೆಳಗೆ, ಯಾರೂ ನೀರು ಹಾಕದೆ ಬೆಳೆದವು. ಬೇಸಿಗೆ ಬಂತೆಂದರೆ ಮನೆಮನೆಯ ಜಗುಲಿಯಲ್ಲಿ ಹೆಂಗಸರು ಕೂತು ಹುಣಸೆಹಣ್ಣು ಕುಟ್ಟಿ, ಬೀಜ ಬೇರೆ, ನಾರು ಬೇರೆ ಮಾಡುತ್ತಾರೆ. ಆ ಹಣ್ಣು ತುಮಕೂರಿನ ಮಾರುಕಟ್ಟೆ ಸೇರಿ ಎಲ್ಲೆಲ್ಲಿಗೋ ಹೋಗುತ್ತದೆ. ನಾವು ಹೋದಾಗ ಕಾಯಿ ಇನ್ನೂ ಹಸಿರಿತ್ತು. ಶೆಫ್ ಒಂದನ್ನು ಕಿತ್ತು ಕಚ್ಚಿ, ಕಣ್ಣು ಮುಚ್ಚಿ ನಿಂತ. ಉಪ್ಪು ಮೆಣಸಿನಕಾಯಿ ಜತೆ ಈ ಕಾಯಿಯನ್ನೇ ಕುಟ್ಟಿ ತೊಕ್ಕು ಮಾಡುತ್ತಾರೆ ಅಂದಾಗ ಜೇಬಿನಿಂದ ಪುಸ್ತಕ ತೆಗೆದ.

ಗೊರವನಹಳ್ಳಿಯ ಮಹಾಲಕ್ಷ್ಮಿ ಗುಡಿಯ ದಾಸೋಹದಲ್ಲಿ ಮಧ್ಯಾಹ್ನದ ಊಟ ಮಾಡಿದೆವು. ಅನ್ನ, ಸಾರು, ಪಾಯಸ. ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಇದನ್ನು ಬರೆಯುವುದಕ್ಕೆ ಕಾರಣವಿದೆ. ಮೇಲೆ ಹರಿಸೇವೆಯನ್ನು ಹೊಗಳಿದೆನಲ್ಲ, ನಾನು ಹುಡುಗನಾಗಿದ್ದಾಗಿನ ಹರಿಸೇವೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿರಲಿಲ್ಲ. ಕೆಲವರು ಊಟ ಮುಗಿಯುವ ತನಕ ದೂರ ನಿಂತಿರುತ್ತಿದ್ದರು. ಹಳ್ಳಿಯ ಹೋಟೆಲುಗಳಲ್ಲಿ ಅವರ ಲೋಟವೇ ಬೇರೆ ಇರುತ್ತಿತ್ತು. ಬೆಂಗಳೂರಿನ ಉದ್ದ ಮೇಜಿನ ಸುತ್ತ ಗುರುತಿಲ್ಲದವರು ಮೊಣಕೈ ತಾಗಿಸಿಕೊಂಡು ಕೂತು ಉಣ್ಣುವಾಗ ಜಾತಿಯ ಮಾತು ಬರುವುದಿಲ್ಲ. ಅದು ನಗರದ ದೊಡ್ಡ ಪುಣ್ಯ. ಆದರೆ ಒಂದು ರಾತ್ರಿಯ ಊಟಕ್ಕೆ ಸಾವಿರಗಟ್ಟಲೆ ಕೊಡಬೇಕಾದ ಕಡೆ ಬಾಗಿಲಲ್ಲಿ ಜನರನ್ನು ದೂರ ನಿಲ್ಲಿಸುವ ಕೆಲಸವನ್ನು ದುಡ್ಡು ಮಾಡುತ್ತದೆ. ಎರಡನ್ನೂ ಕಂಡವನಿಗೆ ಗೊರವನಹಳ್ಳಿಯ ಸಾಲು ಹೆಚ್ಚಿನದು ಅನ್ನಿಸುತ್ತದೆ.

ಮಧುಗಿರಿ ಹತ್ತಿರವಾದಂತೆ ಬೆಟ್ಟ ಕಾಣಿಸುತ್ತದೆ. 3,930 ಅಡಿ ಎತ್ತರದ ಏಕಶಿಲೆ, ಮೈತುಂಬ ಕೋಟೆ. ಚಾರಣಕ್ಕೆ ಬರುವ ಬೆಂಗಳೂರಿನ ಹುಡುಗರು ಇದನ್ನು ಬಲ್ಲರು. ಬೆಟ್ಟದ ಕೆಳಗಿನ ಹೊಲಗಳನ್ನು ಬಲ್ಲವರು ಕಡಿಮೆ. ನಮ್ಮ ಚಿಕ್ಕಮ್ಮನ ಊರು ಅಲ್ಲಿಂದ ತುಸು ದೂರ. ರಾಗಿ ತೆನೆ ಬಲಿಯುತ್ತಿತ್ತು, ಸಾಲಿನ ನಡುವೆ ಅಕ್ಕಡಿಯಾಗಿ ಅವರೆ, ಹುಚ್ಚೆಳ್ಳು. ಬದುವಿನಾಚೆ ಒಂದು ತುಂಡು ನೆಲದಲ್ಲಿ ಹಾರಕ.

ಹಾರಕ ನಿಧಾನದ ಬೆಳೆ. ನಾಲ್ಕು ತಿಂಗಳಿಗೂ ಮಿಕ್ಕಿ ಹೊಲದಲ್ಲಿ ನಿಲ್ಲುತ್ತದೆ. ಸಿಪ್ಪೆ ಪದರ ಪದರವಾಗಿ ಗಟ್ಟಿಯಾಗಿರುವುದರಿಂದ ಅಕ್ಕಿ ಮಾಡುವುದು ಶ್ರಮ. ಬೀಸಿ, ಕುಟ್ಟಿ, ಕೇರಿ, ಮತ್ತೆ ಕುಟ್ಟಬೇಕು. ಈ ಕಷ್ಟಕ್ಕೇ ಎಷ್ಟೋ ಮನೆಗಳು ಅದನ್ನು ಬಿಟ್ಟವು. ಪಡಿತರದ ಅಕ್ಕಿ ಬಂದ ಮೇಲೆ ಒನಕೆ ಹಿಡಿಯುವವರು ಯಾರು? ಬಿಟ್ಟ ಹೆಂಗಸರನ್ನು ದೂರುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಇನ್ನೊಂದು ಎಚ್ಚರವೂ ಉಂಟು. ತೆನೆ ಬಲಿಯುವಾಗ ಮಳೆ ಹಿಡಿದು ಶಿಲೀಂಧ್ರ ತಗುಲಿದರೆ ಆ ಹಾರಕ ತಿಂದವರಿಗೆ ಮತ್ತು ಬರುತ್ತದೆ, ತಲೆ ಸುತ್ತುತ್ತದೆ. ಅದಕ್ಕೇ ಹಳಬರು ಹೊಸ ಹಾರಕವನ್ನು ಕೂಡಲೇ ಉಣ್ಣುತ್ತಿರಲಿಲ್ಲ. ಶೆಫ್‌ಗೆ ಇದು ಗೊತ್ತಿರಲಿಲ್ಲ. ‘ಪೊಟ್ಟಣದ ಮ್ಯಾಲೆ ಇದನ್ನ ಬರದೇ ಇಲ್ಲಲ್ರೀ’ ಅಂದ. 2018ರ ಜನವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸರ್ಕಾರ ಸಾವಯವ ಮತ್ತು ಸಿರಿಧಾನ್ಯಗಳ ದೊಡ್ಡ ಮೇಳ ನಡೆಸಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಕಾಳಿಗೆ ಹೆಸರು ಬಂತು, ಬೆಲೆಯೂ ಬಂತು. ಕಾಳಿನ ಜತೆ ಇರಬೇಕಾದ ತಿಳಿವಳಿಕೆ ಮಾತ್ರ ಕೊಟ್ಟಿಗೆಯ ಪಕ್ಕದ ಅಡುಗೆಮನೆಯಲ್ಲೇ ಉಳಿಯಿತು.

ಸಂಜೆ ಚಿಕ್ಕಮ್ಮ ಹಿಟ್ಟಿಗೆ ಎಸರಿಟ್ಟರು. ನಮ್ಮ ಕಡೆ ಮುದ್ದೆಯನ್ನು ಹಿಟ್ಟು ಅಂತಲೇ ಅನ್ನುವುದು. ಶೆಫ್ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ನೀರಿಗೆ ಮೊದಲು ಒಂದು ಹಿಡಿ ಹಿಟ್ಟನ್ನು ಕದಡಿ ಬಿಟ್ಟು ಗಂಜಿಯ ಹದಕ್ಕೆ ತಂದರು. ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಗುಡ್ಡೆಯ ನಡುವೆ ತೂತು ಮಾಡಿ ಬಿಟ್ಟರು. ತೂತಿನಲ್ಲಿ ಎಸರು ಮೇಲೆದ್ದು ಬಂದು ಹಿಟ್ಟನ್ನು ಒಳಗಿನಿಂದ ಬೇಯಿಸುತ್ತದೆ. ಆ ಹೊತ್ತಿನಲ್ಲಿ ಕೈ ಹಾಕಬಾರದು. ಅವರು ಗಡಿಯಾರ ನೋಡಲಿಲ್ಲ, ಪಾತ್ರೆಯ ಸದ್ದು ಕೇಳುತ್ತಿದ್ದರು. ಗುಳುಗುಳು ಅನ್ನುವುದು ದಪ್ಪಗಾಗಿ ಪೊಟ್ ಪೊಟ್ ಅನ್ನತೊಡಗಿದಾಗ ಪಾತ್ರೆ ಕೆಳಗಿಳಿಸಿ, ಕವೆಗೋಲಿನಿಂದ ಅದನ್ನು ಅದುಮಿ ಹಿಡಿದು, ಎರಡೂ ಕೈಯಲ್ಲಿ ತೊಳಸಿದರು. ತೋಳಿನ ನರ ಎದ್ದು ಕಾಣುತ್ತಿತ್ತು. ಮತ್ತೆ ಒಲೆಗೆ, ಮುಚ್ಚಳ, ಮತ್ತೆ ಇಳಿಸಿ ತೊಳಸು. ಮರದ ಮಣೆಗೆ ನೀರು ಸವರಿ, ಸುಡುಸುಡುವ ಹಿಟ್ಟನ್ನು ಒದ್ದೆ ಕೈಯಲ್ಲಿ ಉಂಡೆ ಕಟ್ಟಿದರು. ಶೆಫ್ ತಾನೂ ಕಟ್ಟುತ್ತೇನೆಂದು ಕೈ ಇಟ್ಟು ತಟ್ಟನೆ ಹಿಂದೆಗೆದ. ಎರಡನೆಯ ಸಲ ಕಚ್ಚಿ ಹಿಡಿದು ಕಟ್ಟಿದ. ಬೆರಳಿಗೆ ಒಂದು ಗಂಟೂ ಸಿಕ್ಕಲಿಲ್ಲ.

ಜತೆಗೆ ಬೆರಕೆ ಸೊಪ್ಪಿನ ಮಸ್ಸೊಪ್ಪು. ಅಣ್ಣೆ, ಗಣಿಕೆ, ಕಿರಕಸಾಲೆ, ಹೊನಗೊನ್ನೆ ಎಲ್ಲ ಅದೇ ದಿನ ಹೊಲದಿಂದ ಕಿತ್ತವು. ಹುಚ್ಚೆಳ್ಳಿನ ಚಟ್ನಿ. ಹುರುಳಿ ಕಟ್ಟಿನ ಸಾರು ಹಿಂದಿನ ದಿನದ್ದು, ಮಾರನೆ ದಿನಕ್ಕೇ ಅದಕ್ಕೆ ರುಚಿ. ಹುಬ್ಬಳ್ಳಿಯವನಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ಹೇಳಿಕೊಡಬೇಕಾಯಿತು. ‘ಅಗೀಬ್ಯಾಡ, ಹಂಗೇ ಇಳಿಸಪ್ಪ’ ಅಂದರು ಚಿಕ್ಕಮ್ಮ.

‘ನಿಮ್ಮಲ್ಲಿ ಒಂದ್ಸಲಕ್ಕೆ ಎಷ್ಟು ಜನುಕ್ಕೆ ಮಾಡ್ತೀರಪ್ಪ?’

‘ಇಪ್ಪತ್ತ ಮಂದಿಗ್ರೀ ಅಮ್ಮಾ.’

‘ಇಪ್ಪತ್ತೇಯಾ? ದಿನಾ ಹೊಸಾ ಅಡುಗೇನಾ?’

‘ತಿಂಗಳಿಗೊಮ್ಮೆ ಎಲ್ಲಾ ಬದಲ ಮಾಡ್ತೀವ್ರಿ. ಒಂದ ಸಲ ಮಾಡಿದ್ದು ಮತ್ತೊಮ್ಮೆ ಮಾಡಂಗಿಲ್ಲ.’

ಚಿಕ್ಕಮ್ಮನಿಗೆ ಇದು ಹಿಡಿಸಲಿಲ್ಲ. ‘ಮತ್ತೆ ಕೈ ಕೂರೋದು ಯಾವಾಗ?’ ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಗರದ ಮೇಜಿನಲ್ಲಿ ಅಡುಗೆಯವನ ಹೆಚ್ಚುಗಾರಿಕೆ ಹಿಂದೆ ಯಾರೂ ಮಾಡದ್ದನ್ನು ಮಾಡುವುದರಲ್ಲಿದೆ. ಚಿಕ್ಕಮ್ಮನ ಹೆಚ್ಚುಗಾರಿಕೆ ನೆನ್ನೆಯ ಹಿಟ್ಟಿನ ಹಾಗೆಯೇ ಇವತ್ತಿನದನ್ನೂ ಮಾಡುವುದರಲ್ಲಿ. ಹಿಟ್ಟು ಹಳತಾಗಿದೆಯೇ, ರಾಗಿ ಯಾವ ಹೊಲದ್ದು, ಸೌದೆ ಹಸಿಯೇ ಒಣಗಿದ್ದೇ, ದಿನವೂ ಒಂದಲ್ಲ ಒಂದು ಬದಲಾಗುತ್ತದೆ. ಆ ಬದಲಾವಣೆ ಉಣ್ಣುವವನ ನಾಲಿಗೆಗೆ ತಿಳಿಯದ ಹಾಗೆ ಕೈ ಸರಿಪಡಿಸಿಕೊಳ್ಳುತ್ತದೆ. ಇದನ್ನು ಯಾರೂ ಹೊಗಳುವುದಿಲ್ಲ, ಯಾಕೆಂದರೆ ಕೆಟ್ಟಾಗ ಮಾತ್ರ ಗೊತ್ತಾಗುವ ವಿದ್ಯೆ ಇದು. ಕರಾವಳಿಯ ಮನೆಯಡುಗೆಗೆ ನಗರದಲ್ಲಿ ಮನ್ನಣೆ ಬೇಗ ಸಿಕ್ಕಿತು. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ 1990ರಲ್ಲಿ ಶುರುವಾದ ಕರಾವಳಿ ಎಂಬ ಹೋಟೆಲು ಆ ಕಡೆಯ ಮನೆಗಳ ಪಾಕಗಳ ಮೇಲೆಯೇ ನಿಂತಿತು, ಶೆಫ್ ನರೇನ್ ತಿಮ್ಮಯ್ಯ ಅದನ್ನು ದಶಕಗಳ ಕಾಲ ಕಾಪಾಡಿದರು. ಬಯಲುಸೀಮೆಯ ಹಿಟ್ಟು–ಸಾರಿಗೆ ಅಂಥ ಮನೆ ಬಹುಕಾಲ ಸಿಗಲಿಲ್ಲ. ಬಸ್ ನಿಲ್ದಾಣದ ಪಕ್ಕದ ಮುದ್ದೆ ಊಟದ ಹೋಟೆಲು, ಮಿಲಿಟರಿ ಹೋಟೆಲು, ಇವೇ ಅದನ್ನು ಬದುಕಿಸಿದವು.

ಎಲೆಯಲ್ಲಿ ಏನೂ ಬಿಡಬಾರದು ಅನ್ನುವುದು ಚಿಕ್ಕಮ್ಮನ ಮನೆಯ ಕಟ್ಟುನಿಟ್ಟು. ಅದರ ಹಿಂದೆ ಬರದ ನೆನಪಿದೆ. 1876–78ರ ಧಾತು ಈಶ್ವರ ಕ್ಷಾಮ ಈ ಸೀಮೆಯನ್ನು ಹಿಂಡಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷಕ್ಕೆ ಇಳಿದಿತ್ತು. ಅದಕ್ಕೇ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ತುಂಬಿಡುತ್ತಿದ್ದರು. ಹುಳು ಹಿಡಿಯದ ಕಾಳು ಅದು. ಹಗೇವಿನ ಬಾಯಿ ತೆಗೆದ ಕೂಡಲೇ ಇಳಿಯುವ ಹಾಗಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಊರ ಮುಂದಿನ ಹಳೆಯ ಹಗೇವಿನ ಜಾಗವನ್ನು ಶೆಫ್‌ಗೆ ತೋರಿಸಿದೆ. ಈಗ ಮುಚ್ಚಿಹೋಗಿದೆ.

ಮಾರನೆ ದಿನ ಪಾವಗಡಕ್ಕೆ. ಮೂರು ಕಡೆಯಿಂದಲೂ ಆಂಧ್ರ ಸುತ್ತುವರಿದ ತಾಲೂಕು ಅದು. ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡ, ತೆಲುಗಿನಲ್ಲಿ ಕೇಳಿದರೆ ತೆಲುಗು. ಅಲ್ಲಿ ಮುದ್ದೆಗೆ ಸಂಗಟಿ ಅನ್ನುವವರೂ ಇದ್ದಾರೆ. ಶನಿಮಹಾತ್ಮನ ಗುಡಿಗೆ ಬಂದ ಭಕ್ತರ ನಡುವೆ ದಾರಿ ಮಾಡಿಕೊಂಡು ಒಂದು ಸಣ್ಣ ಹೋಟೆಲಿಗೆ ಹೋದೆವು. ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ, ಮೇಲೆ ಹುರಿಗಡಲೆ ಪುಡಿ, ಜತೆಗೆ ಮೆಣಸಿನಕಾಯಿ ಬಜ್ಜಿ. ಇಲ್ಲಿಯವರಿಗೆ ಅದು ಉಗ್ಗಾಣಿ. ಶೆಫ್ ತಟ್ಟೆ ನೋಡಿ ಕೂಗಿಯೇ ಬಿಟ್ಟ: ‘ಏ, ಇದು ನಮ್ಮ ಸೂಸಲಾರೀ!’ ಮಧುಗಿರಿಯಲ್ಲಿ ಅತಿಥಿಯಾಗಿದ್ದವನು ಪಾವಗಡದಲ್ಲಿ ಊರಿನವನಾದ. ಇನ್ನೊಂದು ತಟ್ಟೆ ತರಿಸಿಕೊಂಡ.

ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದರು. ಗಿಡ ಎಳೆದು, ಮಣ್ಣು ಕೊಡವಿ, ಬೇರಿನ ಕಾಯಿ ಬಿಡಿಸುವ ಹೆಂಗಸರ ಗುಂಪು. ಹಸಿಕಾಯಿಯನ್ನು ಉಪ್ಪು ಹಾಕಿ ಬೇಯಿಸಿ ಕೊಟ್ಟರು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದಲ್ಲ, ಬೆಂಗಳೂರಿನ ತಿನ್ನುವ ಹಬ್ಬಗಳಲ್ಲಿ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಆಸನವಿಲ್ಲ, ಮುಂಗಡವಿಲ್ಲ, ಬೆಳೆದವರೇ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಸೇರು ಅಳೆಯುವಾಗ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರೆ.

ನಾಗಲಮಡಿಕೆ ಹೋಬಳಿಯ ಕಡೆ ಸಾಗಿದರೆ ಕಡಲೆಕಾಯಿ ಹೊಲ ನಿಂತುಹೋಗಿ ಕಣ್ಣು ಹಾಯುವಷ್ಟು ದೂರ ಸೌರ ಫಲಕ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವಾಟ್ ವಿದ್ಯುತ್ತಿನ ಸೌರ ಪಾರ್ಕು. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಜಮೀನು ರೈತರದ್ದೇ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಮಳೆ ನಂಬಿ ಕೆಟ್ಟವರಿಗೆ ಇದು ಗಟ್ಟಿ ಆಸರೆ, ಅಲ್ಲಗಳೆಯಲಾರೆ. ಜಮೀನಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೀಳುವುದಕ್ಕೆ ಕಡಲೆಗಿಡವೂ ಇಲ್ಲ. ಬೇಲಿಯ ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ಹೇಳಿದ್ದು ಇಷ್ಟು: ‘ಸೊಪ್ಪು ಕೀಳೋಕೂ ಈಗ ದೂರ ಹೋಗ್ಬೇಕು ಸ್ವಾಮಿ.’ ಬೆರಕೆ ಸೊಪ್ಪು ಉಳುವ ಹೊಲದ ಕೂಸು. ಉಳುಮೆ ನಿಂತರೆ ಮಸ್ಸೊಪ್ಪೂ ನಿಲ್ಲುತ್ತದೆ. ಶೆಫ್ ಪುಸ್ತಕ ತೆಗೆಯಲಿಲ್ಲ, ಬಹಳ ಹೊತ್ತು ಮಾತೂ ಆಡಲಿಲ್ಲ.

ಶಿರಾ ಮುಟ್ಟುವ ಹೊತ್ತಿಗೆ ಇಳಿಹೊತ್ತು. 1687ರಿಂದ ಮೊಗಲರ ಸುಬೇದಾರಿಯ ಕೇಂದ್ರವಾಗಿದ್ದ ಊರು. ಹೈದರಾಲಿ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಹಾಕಿಸಿದ್ದು ಶಿರಾದ ತೋಟಗಳನ್ನು ನೋಡಿಯೇ ಅನ್ನುತ್ತಾರೆ. 1651ರ ಮಲಿಕ್ ರಿಹಾನ್ ದರ್ಗಾದ ಬಳಿ ಅಡ್ಡಾಡಿ ಹೆದ್ದಾರಿಗೆ ಬಂದೆವು. ಈ ಊರಲ್ಲಿ ಎರಡು ಅಡುಗೆಗಳು ನೂರಾರು ವರ್ಷದಿಂದ ಪಕ್ಕಪಕ್ಕದಲ್ಲಿವೆ, ಕುರಿ ಸಾಕುವವರ ಮುದ್ದೆ–ಬಾಡಿನ ಸಾರು ಒಂದು ಕಡೆ, ಬಿರಿಯಾನಿ–ದಾಲ್ಚಾ ಇನ್ನೊಂದು ಕಡೆ. ದಾಲ್ಚಾಕ್ಕೆ ಬೀಳುವ ಹುಣಸೆಹುಳಿ ಕೊರಟಗೆರೆಯದ್ದೂ ಇರಬಹುದು. ಶಿರಾದ ಅಡುಗೆಗೆ ಬೇರೆಯೇ ಒಂದು ಪ್ರಯಾಣ ಬೇಕು, ಒಂದು ಸಂಜೆ ಸಾಲದು.

ಚಹಾ ಕುಡಿಯುತ್ತಾ ಶೆಫ್ ತನ್ನ ಯೋಚನೆ ಹೇಳಿದ. ಮುಂದಿನ ಕೂಟದಲ್ಲಿ ಹಾರಕ, ಹಿಟ್ಟು, ಮಸ್ಸೊಪ್ಪು, ಹುಚ್ಚೆಳ್ಳು ಚಟ್ನಿ ಹಾಗೆಯೇ ಇರಬೇಕು, ಬೆಣ್ಣೆ ಅಣಬೆ ಬೇಡ. ಅಡುಗೆ ಚಿಕ್ಕಮ್ಮನದು, ಅವನು ಪಕ್ಕದಲ್ಲಿ ನಿಂತು ಕೈಜೋಡಿಸುವವನು. ಡಿಸೆಂಬರ್ ಮೊದಲ ವಾರ ಅಂತ ಅವನ ಲೆಕ್ಕ. ಅಲ್ಲಿಂದಲೇ ಫೋನು ಮಾಡಿದೆ.

‘ಆವಾಗ ಎಲ್ಲಿ ಬರಾಕಾಯ್ತದೆ? ರಾಗಿ ಕುಯ್ಲು, ಬಣವೆ, ಕಣ ಎಲ್ಲಾ ಅವೆ’ ಅಂದರು ಚಿಕ್ಕಮ್ಮ. ‘ಸಂಕ್ರಾಂತಿ ಕಳೀಲಿ. ಅವರೆಕಾಯಿ ಸೊಗಡೂ ಇರ್ತದೆ, ಹಿತಕಿದಬೇಳೆ ಸಾರೂ ಮಾಡಾಣ.’

ಶೆಫ್ ಫೋನು ಇಸಿದುಕೊಂಡ. ಹೊರಗಿನಿಂದ ದೊಡ್ಡ ಶೆಫ್‌ಗಳನ್ನು ಅತಿಥಿಯಾಗಿ ಕರೆಸಿದಾಗ ಕೊಡುವಷ್ಟೇ ಹಣ ನಿಮಗೂ, ಊಟದ ಪಟ್ಟಿಯ ಮೇಲೆ ನಿಮ್ಮ ಹೆಸರು, ನಿಮ್ಮೂರ ಹೆಸರು ಮೊದಲು ಅಂತ ಬಿಡಿಸಿ ಹೇಳಿದ. ಆ ಕಡೆಯಿಂದ ತುಸು ಹೊತ್ತು ಉತ್ತರವಿಲ್ಲ. ಆಮೇಲೆ ಕೇಳಿದರು, ಒಲೆ ಎಂಥದ್ದು, ಪಾತ್ರೆ ಎಷ್ಟು ದೊಡ್ಡದು, ಕವೆಗೋಲು ಇದೆಯಾ ಅಂತ. ಇಲ್ಲ ಅಂದ. ‘ಹಂಗಾರೆ ನಮ್ಮದೇ ತರ್ತೀವಿ. ನನ್ನ ಜೊತೆ ನಮ್ಮ ನೆಗೆಣ್ಣಿನೂ ಬರ್ತಾಳೆ, ಅವಳಿಗೂ ಲೆಕ್ಕ ಹಾಕಪ್ಪ’ ಅಂದರು. ಕೂಟದ ತಾರೀಕು ಜನವರಿ ಕೊನೆಯ ಶನಿವಾರಕ್ಕೆ ಹೋಯಿತು.